ಆಪರೇಷನ್ ಚೆನ್ನಾಗಿ ಆಯ್ತು, ಆದರೆ ರಾತ್ರಿ ಎರಡು ಗಂಟೆಯ ಆ ರೀಡಿಂಗ್ ಬಗ್ಗೆ ಹೇಳಲೇಬೇಕು

ನಮ್ಮ ಯಜಮಾನರು ಬಚ್ಚಲಲ್ಲಿ ಜಾರಿ ಬಿದ್ದು ಬಲ ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು. ವಯಸ್ಸು 70, ಶುಗರ್ ಬಂದು 15 ವರ್ಷ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿ, ಒಂಬತ್ತು ದಿನ ಜನರಲ್ ವಾರ್ಡಿನಲ್ಲಿದ್ದೆವು. ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ, ನನ್ನ ದೂರು ಬರಹದಲ್ಲಿ ಅವರ ಕೈಯಲ್ಲೇ ಇದೆ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ 34 ವರ್ಷ ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದವಳು. ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಬೆಡ್ಡಿನ ಕಾಲ ಬಳಿ ನೇತುಹಾಕಿರುವ ಫೈಲಿನ ಕಡೆಗೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಸಹಿ ಹಾಕಿಸಲು ಬಂದ ಚಿಕ್ಕ ಡಾಕ್ಟರು ಫಾರಂ ಅನ್ನು ನನ್ನ ಮಗನ ಕೈಗೆ ಕೊಟ್ಟರು. 'ಪೇಷಂಟ್ ಎಚ್ಚರವಾಗಿದ್ದಾರೆ, ಬುದ್ಧಿ ಸರಿಯಾಗಿದೆ, ಅವರಿಗೇ ಹೇಳಿ, ಅವರೇ ಸಹಿ ಹಾಕಲಿ ಸಾರ್' ಅಂದೆ. ವಯಸ್ಕ ರೋಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರುವಾಗ ತಾಯಿ ಕೊಟ್ಟ ಒಪ್ಪಿಗೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಎಂಬ ರೋಗಿಯ ಪ್ರಕರಣದಲ್ಲಿ ಹೇಳಿದೆ. ಆದರೂ ವಯಸ್ಸಾದವರನ್ನು ಪಕ್ಕಕ್ಕಿಟ್ಟು ಮಕ್ಕಳ ಸಹಿ ತೆಗೆದುಕೊಳ್ಳುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ. ಈ ಡಾಕ್ಟರು ಮುಖ ಸಿಂಡರಿಸಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು, ಲ್ಯಾಬ್ ಚೀಟಿಯ ಹಿಂದೆ ಕೀಲಿನ ಚಿತ್ರ ಬರೆದು ಯಜಮಾನರಿಗೆ ವಿವರಿಸಿದರು. ನಮ್ಮವರು ಮೂರು ಪ್ರಶ್ನೆ ಕೇಳಿ ಸಹಿ ಹಾಕಿದರು.

ಮೈ ಒರೆಸಲು ಬರುತ್ತಿದ್ದ ಬ್ರದರ್ (ಗಂಡು ನರ್ಸ್) ಒಬ್ಬರು ಪರದೆಯನ್ನು ಕೊನೆಯ ತನಕ ಎಳೆದ ಮೇಲೆಯೇ ಹೊದಿಕೆ ತೆಗೆಯುತ್ತಿದ್ದರು. 'ಅಪ್ಪಾಜಿ, ಈಗ ಎಡಗಡೆ ತಿರುಗಿಸ್ತೀನಿ, ನೋವಾದ್ರೆ ತಕ್ಷಣ ಹೇಳಿ' ಅಂತ ಹೇಳದೆ ಒಂದು ದಿನವೂ ಮೈ ಮುಟ್ಟಲಿಲ್ಲ. ಕಾಲುಗಳ ನಡುವೆ ದಿಂಬಿಟ್ಟು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು. ಮನೆಗೆ ಬಂದಾಗ ಯಜಮಾನರ ಬೆನ್ನಿನ ಕೆಳಗೆ ಕೆಂಪು ಗುರುತು ಕೂಡ ಇರಲಿಲ್ಲ. ಇದು ಎಷ್ಟು ದೊಡ್ಡ ವಿಷಯ ಅಂತ ಬೆಡ್‌ಸೋರ್ ಡ್ರೆಸ್ಸಿಂಗ್ ಮಾಡಿದವರಿಗೆ ಗೊತ್ತು.

ಬೇಜಾರಿನ ವಿಷಯ ನಾಲ್ಕನೇ ರಾತ್ರಿಯದು. ನೋವಿಗೆ ಯಜಮಾನರಿಗೆ ನಿದ್ದೆ ಬಂದಿರಲಿಲ್ಲ. ನಾನೂ ಅವರ ಕೈ ಹಿಡಿದು ಬೆಳಗಿನ ತನಕ ಕೂತೇ ಇದ್ದೆ. ಹನ್ನೊಂದೂವರೆಯ ಮೇಲೆ ನಮ್ಮ ಬೆಡ್ಡಿನ ಹತ್ತಿರ ಯಾರೂ ಬರಲಿಲ್ಲ. ಬೆಳಿಗ್ಗೆ ಫೈಲ್ ತೆಗೆದು ನೋಡಿದರೆ, ರಾತ್ರಿ 2 ಗಂಟೆ, ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ಶುಗರ್) 142, ಬಿಪಿ 130/80, ಕೆಳಗೆ ಸಹಿ. ಯಜಮಾನರ ಹತ್ತು ಬೆರಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಡಗೈಯ ಉಂಗುರದ ಬೆರಳಲ್ಲಿ ಹಿಂದಿನ ರಾತ್ರಿ ಊಟಕ್ಕೆ ಮುಂಚೆ ಚುಚ್ಚಿದ್ದರ ಚುಕ್ಕೆ ಕಪ್ಪಾಗಿತ್ತು, ಹೊಸದು ಯಾವುದೂ ಇಲ್ಲ.

ಕೆ.ಆರ್. ಆಸ್ಪತ್ರೆಯಲ್ಲಿ ಟ್ರೇನಿಂಗ್ ಮಾಡುವಾಗ ನಮ್ಮ ಟ್ಯೂಟರ್ ಹೇಳುತ್ತಿದ್ದರು, ಬರೆಯದ ಕೆಲಸ ಮಾಡದ ಕೆಲಸಕ್ಕೆ ಸಮ ಅಂತ. ಮಾಡದ ಕೆಲಸವನ್ನು ಬರೆದರೆ ಅದಕ್ಕಿಂತ ಅಪಾಯ. ಬೆಳಿಗ್ಗೆ ರೌಂಡ್ಸಿಗೆ ಬರುವ ಡಾಕ್ಟರು ಆ 142 ನೋಡಿಯೇ ಇನ್ಸುಲಿನ್ ಎಷ್ಟು ಅಂತ ನಿರ್ಧಾರ ಮಾಡುತ್ತಾರೆ. ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದೆ. 'ನೀವು ಮಲಗಿದ್ದಿರಬೇಕು ಅಮ್ಮ' ಅಂದರು, ಅಷ್ಟೇ.

ಇನ್ನೊಂದು ಘಟನೆ ಆರನೇ ದಿನ ಬೆಳಿಗ್ಗೆ. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರದ ಹುಡುಗಿ ಏಳೂವರೆಗೆ ಇನ್ಸುಲಿನ್ ಹಾಕಿದಳು. ಊಟಕ್ಕೆ ಅರ್ಧ ಗಂಟೆ ಮುಂಚೆ ಹಾಕುವ ಪ್ಲೇನ್ ಇನ್ಸುಲಿನ್ ಅದು. ನಾನು ಬಟ್ಟೆ ಒಗೆಯಲು ಹೋಗಿದ್ದೆ. ತಿಂಡಿ ಗಾಡಿ ಅವತ್ತು ಬರಲೇ ಇಲ್ಲ. 8.20ಕ್ಕೆ ನಾನು ವಾಪಸ್ ಬಂದಾಗ ಯಜಮಾನರ ಹಣೆ, ಮೇಲ್ತುಟಿ ಬೆವರಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಕೂಗಿದೆ. ಆ ಹುಡುಗಿ ಓಡಿ ಬಂದು ಚುಚ್ಚಿ ನೋಡಿದಳು, ಶುಗರ್ ತೀರಾ ಇಳಿದು 58. ಮೂರು ಚಮಚ ಸಕ್ಕರೆ ಕದಡಿ ಕುಡಿಸಿದೆವು. ಕಾಲು ಗಂಟೆ ಬಿಟ್ಟು ನೋಡಿದಾಗ 96. ಅಷ್ಟು ಹೊತ್ತೂ ಅವಳು ಪಕ್ಕದಿಂದ ಕದಲಲಿಲ್ಲ.

ಆಮೇಲೆ ನನ್ನ ಮುಂದೆ ನಿಂತು ಹೇಳಿದಳು: 'ತಿಂಡಿ ಬಂದಿದೆಯಾ ಅಂತ ನೋಡದೆ ಹಾಕಿಬಿಟ್ಟೆ ಅಮ್ಮ. ತಪ್ಪು ನಂದು. ಡಾಕ್ಟರಿಗೆ ಫೋನ್ ಮಾಡಿದೀನಿ, ನೋಟ್ಸಲ್ಲಿ ಬರೀತೀನಿ.' ಯಜಮಾನರಿಗೂ ಬಗ್ಗಿ, 'ಸಾರಿ ಅಪ್ಪಾಜಿ' ಅಂದಳು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಕೇಳದೆಯೇ ತಪ್ಪು ಒಪ್ಪಿಕೊಂಡವರು ಎಷ್ಟು ಜನ ಎಂದು ಎಣಿಸಿದರೆ ಒಂದು ಕೈ ಸಾಕು. ನನಗೆ ಅವಳ ಮೇಲೆ ಕೋಪ ಬರಲಿಲ್ಲ, ಆ ಕ್ಷಣದಿಂದ ಪೂರ್ತಿ ನಂಬಿಕೆ ಬಂತು. ಅವಳ ಡ್ಯೂಟಿ ಇದ್ದ ದಿನ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಆದರೆ ಅರ್ಧ ಗಂಟೆಯಲ್ಲೇ ಕಾರಿಡಾರಿನಲ್ಲಿ ಇನ್‌ಚಾರ್ಜ್ ಬೈಯುವುದು ಕೇಳಿಸಿತು: 'ಫೈಲಲ್ಲಿ ಯಾಕೆ ಬರೆದೆ? ಪೇಷಂಟ್ ಕಡೆಯವರು ಕೇಸ್ ಹಾಕಿದ್ರೆ ನೀನು ನೋಡ್ಕೋತೀಯಾ?' ನಾನು ಈ ಆಸ್ಪತ್ರೆಗೆ ಐದಕ್ಕೆ ಮೂರು ನಕ್ಷತ್ರ ಮಾತ್ರ ಕೊಡುತ್ತಿರುವುದು ಈ ಮಾತಿಗಾಗಿ. ಚುಚ್ಚದೆ ರೀಡಿಂಗ್ ಬರೆದವರಿಗೆ ಏನೂ ಆಗಲಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದವಳು ಕಣ್ಣೀರು ಹಾಕಿದಳು. ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆದ ಮೇಲೆ ನಮ್ಮ ಸಹಿಗೆ ನಾವೇ ಜವಾಬ್ದಾರರು. ಇದನ್ನು ಹೊಸಬರಿಗೆ ಕಲಿಸಬೇಕಾದವರೇ ಹೀಗೆ ಗದರಿದರೆ ಆ ಹುಡುಗಿ ಮುಂದಿನ ಸಲ ಏನು ಕಲಿತಿರುತ್ತಾಳೆ?

ಅವತ್ತೇ ಎರಡು ಪುಟ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಅವರು ಸಂಜೆ ತಾವೇ ವಾರ್ಡಿಗೆ ಬಂದರು. ಶುಗರ್ ಮೀಟರಿನ ಮೆಮೊರಿ ನೋಡಿ ಅಂತ ನಾನೇ ಹೇಳಿದೆ. ಒಂದೊಂದೇ ರೀಡಿಂಗ್ ಹಿಂದಕ್ಕೆ ಒತ್ತುತ್ತಾ ಹೋದರು. ಆ ರಾತ್ರಿ 11.40ರ ನಂತರ ಮುಂದಿನದು ಬೆಳಿಗ್ಗೆ 6.05. ನಡುವೆ ಒಂದೂ ಇಲ್ಲ. ರಾತ್ರಿ ಎರಡಕ್ಕೆ ಶುಗರ್ ನೋಡಬೇಕಾದವರು ವಾರ್ಡಿನಲ್ಲಿ ಇನ್ನೂ ಇಬ್ಬರಿದ್ದರು. ಸೂಪರಿಂಟೆಂಡೆಂಟ್ ಮೇಡಂ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ 'ನಿಮ್ಮ ದೂರು ಸರಿಯಿದೆ ಸಿಸ್ಟರ್' ಅಂದರು. ಮರುದಿನದಿಂದ ಡ್ಯೂಟಿ ಬದಲಾಗುವಾಗ ಇಬ್ಬರೂ ನರ್ಸ್‌ಗಳು ಬೆಡ್ಡಿನ ಪಕ್ಕಕ್ಕೇ ಬಂದು ಹ್ಯಾಂಡೋವರ್ ಮಾಡುವುದು ಶುರುವಾಯಿತು.

ರಾತ್ರಿ ಪಾಳಿಯ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. 22 ಬೆಡ್ಡಿಗೆ ರಾತ್ರಿ ಇಬ್ಬರೇ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಸಾಮಾನ್ಯ ಆಸ್ಪತ್ರೆಯ ವಾರ್ಡಿಗೆ ಹೇಳಿರುವುದು ಐದು ರೋಗಿಗೆ ಒಬ್ಬ ನರ್ಸ್. ಮ್ಯಾನೇಜ್‌ಮೆಂಟ್ ಜನ ಹಾಕದೆ ಚಾರ್ಟ್ ಮಾತ್ರ ಭರ್ತಿಯಾಗಿರಬೇಕು ಅಂದರೆ ಇಂಥದ್ದು ನಡೆಯುತ್ತದೆ. ಇದನ್ನೂ ದೂರಿನಲ್ಲಿ ಬರೆದಿದ್ದೇನೆ. ಆದರೆ ಕೈ ಸಾಲದಿದ್ದರೆ 'ನೋಡಲಾಗಲಿಲ್ಲ' ಅಂತ ಬರೆಯಬಹುದಿತ್ತು. ನಾವು ಬರೆಯುತ್ತಿದ್ದೆವು.

ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಒಂದು ಮಾತು. ರೋಗಿಗಳ ಹಕ್ಕಿನ ಬೋರ್ಡ್ ಈ ಆಸ್ಪತ್ರೆಯಲ್ಲಿ ಲಿಫ್ಟಿನ ಪಕ್ಕದ ಗೋಡೆಯಲ್ಲಿತ್ತು, ಕಂಡರೆ ನಿಂತು ಓದಿ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ, ಆಸ್ಪತ್ರೆಯಲ್ಲಿ ನ್ಯಾಯ ಸಿಗದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗಬಹುದು. ನನಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ.

ಡಿಸ್ಚಾರ್ಜ್ ದಿನ ರೆಕಾರ್ಡ್ ರೂಮಿನಲ್ಲಿ ಫೈಲಿನ ಪ್ರತಿ ಕೇಳಿದೆ. 'ಸಮ್ಮರಿ ಮಾತ್ರ ಕೊಡೋದು' ಅಂದರು. ನರ್ಸಿಂಗ್ ನೋಟ್ಸ್ ಸಮೇತ ಪೂರ್ತಿ ಫೈಲು ಬೇಕು ಅಂತ ಯಜಮಾನರ ಸಹಿಯ ಅರ್ಜಿ ಕೊಟ್ಟು, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ವೈದ್ಯಕೀಯ ಪರಿಷತ್ತಿನ 2002ರ ನಿಯಮ ನೆನಪಿಸಿದೆ. ಮೂರನೇ ದಿನ ಮಗ ಹೋಗಿ ಜೆರಾಕ್ಸ್ ದುಡ್ಡು ಕಟ್ಟಿ ತಂದ. ನಾನು ಮೊದಲು ಹುಡುಕಿದ್ದು ಆರನೇ ದಿನದ ಪುಟ. ಯಾರೂ ಅದನ್ನು ಬದಲಿಸಿರಲಿಲ್ಲ, ಹೊಡೆದುಹಾಕಿರಲಿಲ್ಲ. ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲೇ ಬರೆದಿದ್ದಳು: ಬೆಳಿಗ್ಗೆ 7.30ಕ್ಕೆ ಇನ್ಸುಲಿನ್ ಕೊಟ್ಟೆ, ತಿಂಡಿ ಬಂದಿರಲಿಲ್ಲ, 8.20ಕ್ಕೆ ಶುಗರ್ 58, ಡಾಕ್ಟರಿಗೂ ರೋಗಿಯ ಹೆಂಡತಿಗೂ ತಿಳಿಸಿದೆ. ಕೆಳಗೆ ಅವಳ ಪೂರ್ತಿ ಹೆಸರು, ರಿಜಿಸ್ಟ್ರೇಷನ್ ನಂಬರ್.