ಟೈಮ್‌ಔಟ್ ಜೇಬಲ್ಲೇ ಉಳಿಯಿತು: ಶಿಕಾಗೋ ಬೇರ್ಸ್, 2024ರ ಸೀಸನ್ (5ಕ್ಕೆ 2 ಸ್ಟಾರ್)

ನಾನು ಮಿಕ್ಸಿ ತಗೊಂಡರೂ ರಿವ್ಯೂ ಬರೆಯುತ್ತೇನೆ. ಕುಕ್ಕರ್ ಗ್ಯಾಸ್ಕೆಟ್‌ಗೂ ಬರೆದಿದ್ದೇನೆ. ಸೆಪ್ಟೆಂಬರ್ 8ರಿಂದ ಜನವರಿ 5ರ ತನಕ 17 ಮ್ಯಾಚು, ಒಂದೊಂದಕ್ಕೂ ಮೂರು ಗಂಟೆ ಮೇಲೆ ಸುರಿದಿದ್ದೇನೆ. ಅದಕ್ಕೊಂದು ರಿವ್ಯೂ ಬರೆಯದೆ ಬಿಡುವುದು ಹೇಗೆ?

ನಾವಿರುವುದು ಶಿಕಾಗೋ ಹತ್ತಿರದ ಅರೋರಾದಲ್ಲಿ. ನಾನು ಹಾಸನದವಳು. ಅಮೆರಿಕನ್ ಫುಟ್‌ಬಾಲ್ ನನಗೆ ಹತ್ತಿದ್ದು ಮಗನಿಂದ. ಅವನಿಗೆ ಸ್ಕೂಲಿನಿಂದ. ಈಗ ಅವನಿಗಿಂತ ನನ್ನ ಬಿಪಿಯೇ ಜಾಸ್ತಿ ಏರುತ್ತದೆ. ಈ ಸಲ ಅಕ್ಟೋಬರಿನಲ್ಲಿ ಅಪ್ಪ ಬಂದಿದ್ದರು, ಎರಡು ತಿಂಗಳಿಗೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿದ್ದವರು. ಕೊನೆಯ ಹದಿನಾಲ್ಕು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕೈಯಲ್ಲಿ ಪೆನ್ನು, ಬಾಯಲ್ಲಿ ಸೀಟಿ, ಕಣ್ಣು ಗಡಿಯಾರದ ಮೇಲೆ. ಬೇರ್ಸ್ ತಂಡದ ರೋಗ ಏನು ಎಂದು ಟಿವಿಯಲ್ಲಿ ಕೂತ ಪಂಡಿತರಿಗಿಂತ ಮೊದಲು ಹೇಳಿದ್ದು ಅವರೇ.

ಮೊದಲು ಪ್ಯಾಕೆಟ್ ಮೇಲೆ ಏನು ಬರೆದಿತ್ತು ಅಂತ ಹೇಳುತ್ತೇನೆ. ಈ ತಂಡ ಶುರುವಾಗಿದ್ದು 1920ರಲ್ಲಿ. ಗೆದ್ದಿರುವ ಒಂದೇ ಸೂಪರ್‌ಬೌಲ್ (ಲೀಗಿನ ಫೈನಲ್) 1986ರ ಜನವರಿಯದ್ದು. ಅವತ್ತು ಪೇಟ್ರಿಯಟ್ಸ್ ಮೇಲೆ 46-10. ಇಲ್ಲಿನ ಹಿರಿಯರು ಈಗಲೂ ಅದೇ ಕಥೆ ಹೇಳುತ್ತಾರೆ, ನಮ್ಮವರು 83ರ ವರ್ಲ್ಡ್ ಕಪ್ ಕಥೆ ಹೇಳುವ ಹಾಗೆ. ಆದರೆ ನಮಗೆ ಆಮೇಲೆ ಧೋನಿ ಬಂದ. ಇವರಿಗೆ ಯಾರೂ ಬರಲಿಲ್ಲ. ಲೀಗಿನ 32 ತಂಡಗಳಲ್ಲಿ ಒಂದೇ ಸೀಸನ್‌ನಲ್ಲಿ 4,000 ಗಜ ಪಾಸ್ ಮಾಡಿದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಇಲ್ಲದ ತಂಡ ಇದೊಂದೇ. 2024ರ ಸೀಸನ್ ಮುಗಿಯುವ ತನಕ ಇವರ ದಾಖಲೆ 1995ರಲ್ಲಿ ಎರಿಕ್ ಕ್ರೇಮರ್ ಮಾಡಿದ 3,838 ಆಗಿತ್ತು.

ಅಂಥ ಮನೆಗೆ 2024ರ ಡ್ರಾಫ್ಟ್‌ನಲ್ಲಿ (ಕಾಲೇಜು ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದು) ಮೊದಲನೇ ಆಯ್ಕೆಯಾಗಿ ಬಂದವನು ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್. ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 2022ರಲ್ಲಿ ಗೆದ್ದ ಹುಡುಗ. ಅವನಿಗೆ ಜಾಗ ಮಾಡಲು ಹಳೆಯ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್‌ನನ್ನು ಪಿಟ್ಸ್‌ಬರ್ಗ್‌ಗೆ ಹೆಚ್ಚುಕಮ್ಮಿ ಪುಕ್ಕಟೆಯಾಗಿ ಕಳಿಸಿದರು. ಚೆಂಡು ಹಿಡಿಯಲು ಡಿಜೆ ಮೂರ್, ಕೀನನ್ ಅಲೆನ್, ಹೊಸ ಹುಡುಗ ರೋಮ್ ಒಡೂನ್ಸೆ. ಸಾಮಾನೆಲ್ಲ ಮೊದಲ ದರ್ಜೆಯದು. ಅಡುಗೆ ಭಟ್ಟರು ಮಾತ್ರ ಹಳಬರೇ: ಹೆಡ್ ಕೋಚ್ ಮ್ಯಾಟ್ ಎಬರ್‌ಫ್ಲೂಸ್. ಹಿಂದಿನ ಎರಡು ಸೀಸನ್‌ಗಳಲ್ಲಿ 3-14 (ಅಂದರೆ 3 ಗೆಲುವು, 14 ಸೋಲು), 7-10.

ಮೊದಲ ಮ್ಯಾಚಿನಲ್ಲೇ ಒಂದು ಸೂಚನೆ ಇತ್ತು. ಟೆನೆಸ್ಸಿ ಮೇಲೆ 17-0 ಹಿಂದಿದ್ದು 24-17 ಗೆದ್ದರು. ಆದರೆ ಕೇಲೆಬ್ ಮಾಡಿದ್ದು 93 ಗಜ. ಬ್ಯಾಟಿಂಗ್ ಕಡೆಯಿಂದ, ಅಂದರೆ ಚೆಂಡು ಮುಂದೆ ಒಯ್ಯುವ ಆಫೆನ್ಸ್‌ನಿಂದ, ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಕೂಡ ಇಲ್ಲ. ಬೌಲರ್‌ಗಳೇ ರನ್ನೂ ಹೊಡೆದು ಗೆಲ್ಲಿಸಿದ ಹಾಗೆ. ಗೆದ್ದೆವಲ್ಲ ಅಂತ ನಾವೂ ಸುಮ್ಮನಾದೆವು. ಆರು ಮ್ಯಾಚಿಗೆ 4-2 ಆಯಿತು. ಮಗ ಪ್ಲೇಆಫ್ ಲೆಕ್ಕ ಬರೆಯಲು ಶುರು ಮಾಡಿದ.

ಆಮೇಲೆ ಬಂತು ಅಕ್ಟೋಬರ್ 27, ವಾಷಿಂಗ್ಟನ್.

ನಾಲ್ಕನೇ ಕ್ವಾರ್ಟರ್. 12-7ರಿಂದ ಹಿಂದಿದ್ದೇವೆ. ಗೆರೆ ಒಂದೇ ಗಜ ದೂರ. ಓಡಿ ಅಭ್ಯಾಸ ಇರುವವನಿಗೆ ಚೆಂಡು ಕೊಡಬೇಕು ತಾನೇ? ಕೊಟ್ಟಿದ್ದು ಡಗ್ ಕ್ರೇಮರ್‌ಗೆ. ಅವನು ಲೈನ್‌ಮನ್, ಅದೂ ಬದಲಿ ಆಟಗಾರ. ದಾರಿ ಬಿಡಿಸುವುದು ಅವನ ಕೆಲಸ, ಚೆಂಡು ಹಿಡಿಯುವುದಲ್ಲ. ಬೀಳಿಸಿದ. ಪಾಪ, ಅವನದೇನು ತಪ್ಪು? ಹೋಗಲಿ, 25 ಸೆಕೆಂಡ್ ಉಳಿದಿದ್ದಾಗ ಕೇಲೆಬ್ ಹೇಗೋ ತಂಡವನ್ನು ತಂದು 15-12 ಮುನ್ನಡೆ ಕೊಡಿಸಿದ. ಆರು ಸೆಕೆಂಡ್ ಇದ್ದಾಗ ನಮ್ಮವರು ದೂರ ನಿಂತು ವಾಷಿಂಗ್ಟನ್‌ಗೆ ಬದಿಯಲ್ಲಿ 13 ಗಜ ಬಿಟ್ಟುಕೊಟ್ಟರು. ಉಳಿದದ್ದು ಎರಡು ಸೆಕೆಂಡ್. ಕೊನೆ ಎಸೆತ ಶುರುವಾದಾಗ ನಮ್ಮ ಟೈರೀಕ್ ಸ್ಟೀವನ್ಸನ್ ಪ್ರೇಕ್ಷಕರ ಕಡೆ ತಿರುಗಿ ಅವರನ್ನು ಅಣಕಿಸುತ್ತಿದ್ದ. ನಿಜವಾಗಿ. ಬೆನ್ನು ಮೈದಾನಕ್ಕೆ! ಆಮೇಲೆ ಓಡಿ ಬಂದು ಹಾರಿದ, ಅವನ ಕೈಗೆ ತಾಗಿದ ಚೆಂಡೇ ಹಿಂದೆ ನಿಂತಿದ್ದ ವಾಷಿಂಗ್ಟನ್‌ನ ನೋವಾ ಬ್ರೌನ್‌ಗೆ ಪ್ರಸಾದದ ಹಾಗೆ ಸಿಕ್ಕಿತು. 18-15 ಸೋಲು.

ಎಲ್ಲರೂ ಸ್ಟೀವನ್ಸನ್‌ನನ್ನು ಬೈದರು. ನಾನೂ ಬೈದೆ. ಅಪ್ಪ ಕೇಳಿದ್ದು ಬೇರೆ: "ಅದಕ್ಕೆ ಮುಂಚೆ ಹದಿಮೂರು ಗಜ ಯಾಕಮ್ಮ ಬಿಟ್ರು?" ಆ 13 ಗಜದಿಂದ ಅಷ್ಟೇನೂ ವ್ಯತ್ಯಾಸ ಆಗಲಿಲ್ಲ ಎಂಬ ಅರ್ಥದಲ್ಲಿ ಎಬರ್‌ಫ್ಲೂಸ್ ಮಾತಾಡಿದ್ದರು. ಮಗ ಅದನ್ನು ಓದಿ ಹೇಳಿದ. ಅಪ್ಪ ಚಪಾತಿ ಮುರಿಯುವುದು ನಿಲ್ಲಿಸಿ ಅವನ ಮುಖ ನೋಡಿದರು. "ಕಂಟ್ರೋಲರ್ ಹಂಗೆಲ್ಲ ಹೇಳಂಗಿಲ್ಲ" ಎಂದರು.

ನವೆಂಬರ್ 10ಕ್ಕೆ ಮೂವರೂ ಸೋಲ್ಜರ್ ಫೀಲ್ಡ್‌ಗೆ ಹೋದೆವು. ಅಪ್ಪನಿಗೆ ಒಂದು ಮ್ಯಾಚು ಕಣ್ಣಾರೆ ತೋರಿಸಬೇಕು ಅಂತ ನಾನೇ ಆರಿಸಿದ್ದು. ಎದುರಾಳಿ ಪೇಟ್ರಿಯಟ್ಸ್, ಆ ಸೀಸನ್‌ನಲ್ಲಿ 2-7. ಸುಲಭದ ತುತ್ತು ಅಂದುಕೊಂಡಿದ್ದೆ. ಅರೋರಾದಿಂದ ರೈಲು, ಯೂನಿಯನ್ ಸ್ಟೇಷನ್ನಿನಿಂದ ಬಸ್ಸು. ಅಪ್ಪ ಮಂಕಿ ಕ್ಯಾಪ್ ಹಾಕಿ, ಅದರ ಮೇಲೆ ಮೊಮ್ಮಗನ ಬೇರ್ಸ್ ಟೋಪಿ ಏರಿಸಿದ್ದರು. ಪಕ್ಕದ ಸೀಟಿನವರು ಅವರ ಜೊತೆ ಫೋಟೋ ತೆಗೆಸಿಕೊಂಡರು. ಆ ದಿನದ ಒಳ್ಳೆಯ ಭಾಗ ಅಷ್ಟೇ.

ಒಂಬತ್ತು ಸ್ಯಾಕ್. ಸ್ಯಾಕ್ ಅಂದರೆ ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಹಿಡಿದು ಕೆಡವುವುದು. ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ಸಲ. ಇಡೀ ಮ್ಯಾಚಿನಲ್ಲಿ ನಮ್ಮವರು ಮಾಡಿದ್ದು 142 ಗಜ. ಮೂರನೇ ಡೌನ್‌ನಲ್ಲಿ (ಹತ್ತು ಗಜ ದಾಟಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು) 14 ಪ್ರಯತ್ನ, ದಾಟಿದ್ದು ಒಂದು. 19-3 ಸೋಲು. ಎರಡೂ ಬದಿಯ ಟ್ಯಾಕಲ್‌ಗಳು (ಕ್ವಾರ್ಟರ್‌ಬ್ಯಾಕನ್ನು ಕಾಯುವ ಲೈನ್‌ಮನ್‌ಗಳು) ಗಾಯಗೊಂಡು ಹೊರಗಿದ್ದರು, ಅದು ನಿಜ. ಕಾಂಪೌಂಡ್ ಬಿದ್ದ ಮನೆ. ಆದರೆ ಕಾಂಪೌಂಡ್ ಬಿದ್ದಿದೆ ಅಂತ ಗೊತ್ತಿದ್ದ ಮೇಲೆ ಬಾಗಿಲಾದರೂ ಬೇಗ ಹಾಕಬೇಕಲ್ವಾ? ಬೇಗ ಎಸೆಯುವ ಚಿಕ್ಕ ಪಾಸು, ಓಟ, ಏನಾದರೂ ಮಾಡಬಹುದಿತ್ತು. ಕರೆದದ್ದೆಲ್ಲ ನಿಧಾನಕ್ಕೆ ಅರಳುವ ಆಟಗಳೇ.

ಇಲ್ಲಿ ಹುಡುಗನದೂ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಅಭಿಮಾನಿಯ ಪತ್ರ ಆಗುತ್ತದೆ. ಟಿವಿಯಲ್ಲಿ ಕಾಣದ್ದು ಸ್ಟೇಡಿಯಂನಲ್ಲಿ ಕಂಡಿತು. ಕೇಲೆಬ್ ಚೆಂಡು ತಗೊಂಡು ಹಿಂದೆ ಹೋಗುತ್ತಾನೆ. ಮತ್ತೂ ಹಿಂದೆ. ಐದು ಗಜದಲ್ಲಿ ನಮ್ಮವನೊಬ್ಬ ಖಾಲಿ ನಿಂತು ಕೈ ಎತ್ತಿರುತ್ತಾನೆ. ಇವನ ಕಣ್ಣು ಮಾತ್ರ ದೂರ. ಒಂದು ಸಲ ಕಾಲು ಕುಣಿಸಿ, ಇನ್ನೊಂದು ಸಲ ಎಡಕ್ಕೆ ಜಾರಿ, ಇನ್ನೂ ದೊಡ್ಡದೇನೋ ಸಿಗುತ್ತದೆ ಅಂತ ಕಾಯುತ್ತಾನೆ. ಕಾಲೇಜಿನಲ್ಲಿ ಹಾಗೆ ಕಾದರೆ ಸಿಗುತ್ತಿತ್ತು. ಇಲ್ಲಿ ಕಾದರೆ ಸಿಗುವುದು 120 ಕೆಜಿಯ ಮನುಷ್ಯ. ದೂರದ ಎಸೆತಗಳೂ ಈ ವರ್ಷ ಬಹಳ ಸಲ ಮೂರ್ ತಲೆ ಮೇಲೆ, ಒಡೂನ್ಸೆ ಕೈ ಆಚೆ ಹೋದವು. ಸೀಸನ್ ಮುಗಿದಾಗ ಅವನ ಮೇಲೆ 68 ಸ್ಯಾಕ್, ಲೀಗಿನಲ್ಲೇ ಅತಿ ಹೆಚ್ಚು. ಎಲ್ಲವನ್ನೂ ಲೈನ್ ತಲೆಗೆ ಕಟ್ಟುವುದು ಅನ್ಯಾಯ. ಸುಮಾರು ಪಾಲು ಇವನೇ ಕರೆದು ಮೈಮೇಲೆ ಹಾಕಿಕೊಂಡಿದ್ದು.

ಪ್ರೇಕ್ಷಕರು ಬೂ ಎಂದು ಕೂಗತೊಡಗಿದರು. ಅಪ್ಪ ಅದನ್ನು ಪ್ರೋತ್ಸಾಹ ಅಂದುಕೊಂಡು ಸ್ವಲ್ಪ ಹೊತ್ತು ಜೊತೆಗೆ ಕೂಗಿದರು.

ಎರಡು ದಿನಕ್ಕೆ ಆಫೆನ್ಸಿವ್ ಕೋಆರ್ಡಿನೇಟರ್ (ಆಫೆನ್ಸ್‌ನ ಆಟಗಳನ್ನು ಆರಿಸುವ ಕೋಚ್) ಶೇನ್ ವಾಲ್ಡ್ರನ್‌ರನ್ನು ತೆಗೆದರು. ಅವರ ಜಾಗಕ್ಕೆ ಥಾಮಸ್ ಬ್ರೌನ್. ಆಟ ತಕ್ಷಣ ಬದಲಾಯಿತು. ಚೆಂಡು ಬೇಗ ಕೈಬಿಡತೊಡಗಿತು. ಗ್ರೀನ್ ಬೇ ಪ್ಯಾಕರ್ಸ್ ವಿರುದ್ಧ ಕೊನೆಯಲ್ಲಿ ಗೆಲ್ಲುವ ಕಿಕ್‌ಗೆ ಬಂದೆವು. ಅರ್ಧ ನಿಮಿಷ ಇದೆ, ಟೈಮ್‌ಔಟ್ (ಕೇಳಿ ಗಡಿಯಾರ ನಿಲ್ಲಿಸುವ ಅವಕಾಶ) ಇದೆ. ಇನ್ನೊಂದು ಆಟ ಆಡಿ ನಾಲ್ಕು ಗಜ ಹತ್ತಿರ ಹೋಗಬಹುದು. ಹೋಗಲಿಲ್ಲ. ಗಡಿಯಾರ ಓಡಲು ಬಿಟ್ಟು 46 ಗಜದ ಕಿಕ್‌ಗೆ ನಿಂತರು. ಎದುರಾಳಿ ಕಾರ್ಲ್ ಬ್ರೂಕ್ಸ್ ಕೈ ತಾಗಿಸಿದ. 20-19 ಸೋಲು. ಮುಂದಿನ ವಾರ ಮಿನೆಸೋಟ. ಎರಡು ನಿಮಿಷಕ್ಕಿಂತ ಕಡಿಮೆ ಇದ್ದಾಗ 11 ಪಾಯಿಂಟ್ ಹಿಂದಿದ್ದವರನ್ನು ಕೇಲೆಬ್ ಓವರ್‌ಟೈಮ್‌ಗೆ ಎಳೆದು ತಂದ. 340 ಗಜ. ಅಲ್ಲೂ ಸೋತೆವು, 30-27. ಆದರೆ ಹುಡುಗನಲ್ಲಿ ಸರಕು ಇದೆ ಅಂತ ಆ ದಿನ ಖಾತ್ರಿಯಾಯಿತು.

ಈಗ ಡೆಟ್ರಾಯ್ಟ್. ಥ್ಯಾಂಕ್ಸ್‌ಗಿವಿಂಗ್ ಗುರುವಾರ, ನವೆಂಬರ್ 28. ಮನೆಗೆ ಮೂರು ಕುಟುಂಬ ಊಟಕ್ಕೆ ಬಂದಿದ್ದವು. ಬಿಸಿಬೇಳೆಬಾತ್ ನನ್ನ ಪಾಲು. ಹಾಫ್‌ಟೈಮ್‌ಗೆ 16-0 ಹಿಂದಿದ್ದೆವು. ಟಿವಿ ಆರಿಸೋಣ ಅಂತ ಯಾರೋ ಅಂದರು. ಆರಿಸಲಿಲ್ಲ. ಎರಡನೇ ಅರ್ಧದಲ್ಲಿ ಕೇಲೆಬ್ ಮೂರು ಟಚ್‌ಡೌನ್ ಎಸೆದ. 23-20. ಕೊನೆ ನಿಮಿಷ, ಚೆಂಡು ನಮ್ಮ ಕೈಲಿ, ಕಿಕ್ ದೂರದ ಅಂಚಿನಲ್ಲಿದ್ದೇವೆ. ಮೂರು ಪಾಯಿಂಟ್ ಸಿಕ್ಕರೆ ಟೈ.

ಜಡೇರಿಯಸ್ ಸ್ಮಿತ್ ಬಂದು ಕೇಲೆಬ್‌ನನ್ನು ಕೆಡವಿದ. ಚೆಂಡು 41 ಗಜಕ್ಕೆ ಹಿಂದೆ ಹೋಯಿತು. ಗಡಿಯಾರದಲ್ಲಿ ಸುಮಾರು 30 ಸೆಕೆಂಡ್, ಓಡುತ್ತಿದೆ. ನಮ್ಮ ಹತ್ತಿರ ಒಂದು ಟೈಮ್‌ಔಟ್ ಇದೆ. ಮಗ ಸೋಫಾ ಮೇಲೆ ನಿಂತು "ಟೈಮ್‌ಔಟ್! ಟೈಮ್‌ಔಟ್!" ಅಂತ ಕಿರುಚಿದ. 25. ಲೈನ್‌ಮನ್‌ಗಳು ನಿಧಾನಕ್ಕೆ ಎದ್ದು ಬರುತ್ತಿದ್ದಾರೆ. 20. ಕೇಲೆಬ್ ಕೈ ಆಡಿಸಿ ಏನೋ ಹೇಳುತ್ತಿದ್ದಾನೆ. 15. ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ಹಾಲ್‌ಗೆ ಬಂದೆ. ಎಬರ್‌ಫ್ಲೂಸ್ ಸುಮ್ಮನೆ ನಿಂತಿದ್ದಾರೆ. 10. ಚೆಂಡು ಆಡಿದ್ದು ಆರು ಸೆಕೆಂಡ್ ಇದ್ದಾಗ. ಕೇಲೆಬ್ ಒಡೂನ್ಸೆ ಕಡೆ ಉದ್ದಕ್ಕೆ ಎಸೆದ. ಕೆಳಗೆ ಬಿತ್ತು. ಸಮಯ ಸೊನ್ನೆ. ಟೈಮ್‌ಔಟ್ ಹಾಗೇ ಇದೆ.

ಒಳಗೆ ಸಾಸಿವೆ ಸೀದು ಹೋಗಿತ್ತು.

ಹುಡುಗನದೂ ತಪ್ಪಿದೆ, ಅಷ್ಟು ಹೊತ್ತು ಮಾತಾಡುತ್ತ ನಿಲ್ಲಬಾರದಿತ್ತು. ಆದರೆ ಅವನಿಗೆ ಅದು ಹನ್ನೆರಡನೇ ಮ್ಯಾಚು. ಹೆಲ್ಮೆಟ್ಟಿನೊಳಗೆ ಕೋಚ್‌ಗಳ ಧ್ವನಿ ಕೇಳಿಸುವ ರೇಡಿಯೋ ಇದೆ, ಪ್ಲೇ ಕ್ಲಾಕ್‌ನಲ್ಲಿ (ಮುಂದಿನ ಆಟ ಶುರು ಮಾಡಲು ಕೊಡುವ ಸಮಯದ ಗಡಿಯಾರ) 15 ಸೆಕೆಂಡ್ ಉಳಿದಾಗ ಅದು ಬಂದ್ ಆಗುತ್ತದೆ. ಆಮೇಲೆ ಅವನು ಒಬ್ಬನೇ, ಸುತ್ತ ಅಷ್ಟೂ ಜನರ ಗದ್ದಲ. ಬದಿಯಲ್ಲಿ ನಿಂತವರಿಗೆ ಗದ್ದಲ ಇಲ್ಲ, ಮೈಮೇಲೆ ಯಾರೂ ಬೀಳುತ್ತಿಲ್ಲ. ಎದುರಿಗೆ ಗಡಿಯಾರ. ಕೈ ಎತ್ತಿ ಟೈಮ್‌ಔಟ್ ಕೇಳುವ ಅಧಿಕಾರವೂ ಅವರಿಗಿದೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಕೇಲೆಬ್‌ನನ್ನು ಬೈಯುತ್ತಿದ್ದಾಗ ಹೇಳಿದರು: "ಡ್ರೈವರ್ ಕೆಳಗಿಳಿದು ಟೀ ಕುಡೀತಾ ನಿಂತ್ರೆ ಸೀಟಿ ಊದೋಕೆ ಅಂತಾನೇ ಕಂಟ್ರೋಲರ್ ಇಟ್ಟಿರೋದು. ಅವನೂ ನೋಡ್ತಾ ನಿಂತ್ರೆ, ಬಸ್ ಹೊರಡಲಿಲ್ಲ ಅಂತ ಯಾರಿಗೆ ಮೆಮೊ ಕೊಡಬೇಕು?"

ಮೆಮೊ ಮರುದಿನ ಬಂತು. ಮ್ಯಾಚ್ ಆದ ಮೇಲೆ ಎಬರ್‌ಫ್ಲೂಸ್ ತಾವು ಸರಿಯಾಗಿಯೇ ಮಾಡಿದೆವು ಎಂದಿದ್ದರು. ಶುಕ್ರವಾರ ಬೆಳಿಗ್ಗೆ ಪತ್ರಕರ್ತರ ಮುಂದೆಯೂ ಅವರನ್ನು ಕೂರಿಸಿದರು, ಕೆಲವೇ ಗಂಟೆಯಲ್ಲಿ ಕೆಲಸದಿಂದ ತೆಗೆದರು. ಒಟ್ಟು ದಾಖಲೆ 14-32. ಸೀಸನ್ ನಡುವೆ ಹೆಡ್ ಕೋಚನ್ನು ತೆಗೆದದ್ದು ಈ ತಂಡದ ಚರಿತ್ರೆಯಲ್ಲಿ ಇದೇ ಮೊದಲು. ತೆಗೆದದ್ದು ಸರಿ, ತೆಗೆದ ರೀತಿ ಅಸಹ್ಯ. ಮನೆಗೆ ಕಳಿಸುವವರನ್ನು ಮೊದಲು ಮೈಕ್ ಮುಂದೆ ಕೂರಿಸುತ್ತಾರಾ? ಇದಕ್ಕೇ ಅರ್ಧ ಸ್ಟಾರ್ ಕಡಿತ. ಥಾಮಸ್ ಬ್ರೌನ್ 17 ದಿನದಲ್ಲಿ ಕೋಆರ್ಡಿನೇಟರ್‌ನಿಂದ ಹಂಗಾಮಿ ಹೆಡ್ ಕೋಚ್ ಆದರು. ನಮ್ಮ ಆಫೀಸಿನಲ್ಲಿ ಅಷ್ಟು ದಿನದಲ್ಲಿ ಹೊಸ ಲ್ಯಾಪ್‌ಟಾಪ್ ಕೂಡ ಬರುವುದಿಲ್ಲ.

ಡಿಸೆಂಬರ್ ಬಗ್ಗೆ ಹೇಳುವುದೇನಿಲ್ಲ. ಸೋತರು, ಸೋತರು, ಸೋತರು. ಸಿಯಾಟಲ್ ಜೊತೆ 6-3 ಸೋತ ಮ್ಯಾಚಿನಲ್ಲಿ ನಾನು ಎರಡು ಸಲ ನಿದ್ದೆ ಹೋದೆ.

ಹಾಗಾದರೆ ಎರಡು ಸ್ಟಾರ್ ಯಾಕೆ, ಒಂದಲ್ಲ? 5-12ರ ಸೀಸನ್‌ನಲ್ಲೂ ಕೇಲೆಬ್ ಸತತ 353 ಪಾಸ್‌ಗಳನ್ನು ಎದುರಾಳಿ ಕೈಗೆ ಒಂದೂ ಕೊಡದೆ ಎಸೆದ. ಹೊಸ ಆಟಗಾರರಲ್ಲಿ ಅದು ದಾಖಲೆ. 68 ಸಲ ನೆಲಕ್ಕೆ ಬಿದ್ದೂ ಅಷ್ಟೂ 17 ಮ್ಯಾಚ್ ಆಡಿದ. 3,541 ಗಜ, 20 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಸೀಸನ್ ಮುಗಿದ ಮೇಲೆ, 2025ರ ಜನವರಿಯಲ್ಲಿ, ಡೆಟ್ರಾಯ್ಟ್‌ನಿಂದಲೇ ಬೆನ್ ಜಾನ್ಸನ್ ಹೆಡ್ ಕೋಚ್ ಆಗಿ ಬಂದರು. ಆಟ ಕಟ್ಟುವುದರಲ್ಲಿ ಅವರು ಗಟ್ಟಿಗರು. ಮಗ ಆಗಲೇ ಕುಣಿದ. ನಾನು ಮೊದಲು ಲೈನ್‌ಗೆ ಯಾರನ್ನು ತರುತ್ತಾರೆ ನೋಡೋಣ ಅಂದೆ.

ಕೊನೆ ಮ್ಯಾಚು ಜನವರಿ 5, ಗ್ರೀನ್ ಬೇಯಲ್ಲಿ. ಹತ್ತು ಸೋಲಿನ ಮೇಲೆ, ಸಮಯ ಮುಗಿಯುವ ಹೊತ್ತಿಗೆ ಕೈರೋ ಸಾಂಟೋಸ್ 51 ಗಜದಿಂದ ಒದ್ದ. 24-22. ಅಪ್ಪ ಅಷ್ಟರಲ್ಲಿ ಹಾಸನಕ್ಕೆ ವಾಪಸ್ ಹೋಗಿದ್ದರು. ಅಲ್ಲಿ ರಾತ್ರಿ ಎರಡೂ ಮುಕ್ಕಾಲು ಆಗಿರಬೇಕು. ಮಲಗಿರುತ್ತಾರೆ ಅಂತ ಬರೀ ಸ್ಕೋರ್ ಮೆಸೇಜ್ ಮಾಡಿದೆ. ತಕ್ಷಣ ಫೋನ್ ಬಂತು.

"ಟೈಮ್‌ಔಟ್ ಎಷ್ಟು ಉಳಿದಿತ್ತಮ್ಮ?"