ಟೇಟ್ ಮಾಡರ್ನ್: ಮಿಲ್ಲಿನ ಊರಿನವರು ನೋಡಲೇಬೇಕಾದ ಜಾಗ

ಲಂಡನ್ನಿನಲ್ಲಿ ಮಕ್ಕಳಿರುವ ದಾವಣಗೆರೆಯವರಿಗೆ ನನ್ನದೊಂದು ಮಾತು. ಅಲ್ಲಿಗೆ ಹೋದಾಗ ಅರಮನೆ, ಗಡಿಯಾರದ ಗೋಪುರ ನೋಡಿ ವಾಪಸ್ ಬಂದುಬಿಡಬೇಡಿ. ಥೇಮ್ಸ್ ನದಿ ದಂಡೆಯ ಟೇಟ್ ಮಾಡರ್ನ್ ಎಂಬ ಕಲಾ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ಒಳಗೆ ಹೋಗಲು ದುಡ್ಡಿಲ್ಲ, ವಿಶೇಷ ಪ್ರದರ್ಶನಗಳಿಗಷ್ಟೇ ಟಿಕೆಟ್.

ಇದು ಮೊದಲು ಎಣ್ಣೆ ಸುಟ್ಟು ಕರೆಂಟು ತಯಾರಿಸುತ್ತಿದ್ದ ಬ್ಯಾಂಕ್‌ಸೈಡ್ ಪವರ್ ಸ್ಟೇಷನ್. 1981ರಲ್ಲಿ ಬಂದ್ ಆಯಿತು, 2000ದಲ್ಲಿ ಆಧುನಿಕ ಕಲೆಯ ಮ್ಯೂಸಿಯಂ ಆಯಿತು. ಸ್ವಿಟ್ಜರ್ಲೆಂಡಿನ ಹೆರ್ಜಾಗ್ ಮತ್ತು ಡಿ ಮ್ಯೂರಾನ್ ಎಂಬ ವಾಸ್ತುಶಿಲ್ಪಿಗಳು ಇಟ್ಟಿಗೆ ಗೋಡೆಯನ್ನೂ 99 ಮೀಟರ್ ಎತ್ತರದ ಚಿಮಣಿಯನ್ನೂ ಹಾಗೇ ಉಳಿಸಿಕೊಂಡರು. ನಾನು ಹತ್ತಿ ಮಿಲ್ಲಿನ ಮೆಂಟೆನೆನ್ಸಿನಲ್ಲಿ ದುಡಿದವನು. ಮಿಲ್ಲು ಮುಚ್ಚಿದ ಮೇಲೆ ಶೆಡ್ಡುಗಳಿಗೆ ಏನು ಗತಿ ಬರುತ್ತದೆಂದು ಕಣ್ಣಾರೆ ಕಂಡಿದ್ದೇನೆ. ಆ ಚಿಮಣಿ ನೋಡುತ್ತಲೇ ಕಣ್ಣು ತುಂಬಿ ಬಂತು.

ಪಶ್ಚಿಮದ ಬಾಗಿಲಿಂದಲೇ ಒಳಗೆ ಹೋಗಿ. ಇಳಿಜಾರಿನಲ್ಲಿ ನಡೆದು ಟರ್ಬೈನ್ ಹಾಲ್‌ಗೆ ಇಳಿಯುತ್ತೀರಿ: 152 ಮೀಟರ್ ಉದ್ದ, 35 ಮೀಟರ್ ಎತ್ತರ. ಉಕ್ಕಿನ ಕಂಬಗಳನ್ನು ಮುಚ್ಚಿಲ್ಲ, ಮೇಲೆ ಕ್ರೇನ್ ಕೂಡ ಇದೆ. ಇಲ್ಲಿ ನೆಲ ನೋಡುವುದನ್ನು ಮರೆಯಬೇಡಿ. 2007ರಲ್ಲಿ ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಎಂಬ ಕಲಾವಿದೆ ಹಾಲ್‌ನ ಉದ್ದಕ್ಕೂ ನೆಲವನ್ನೇ ಸೀಳಿ ಬಿರುಕು ಮಾಡಿದ್ದರು. ವರ್ಣಭೇದ, ವಲಸೆ ಬಂದವರನ್ನು ಹೊರಗಿಡುವುದು, ಅದರ ವಿಷಯ. ಪ್ರದರ್ಶನ ಮುಗಿದ ಮೇಲೆ ಬಿರುಕನ್ನು ತುಂಬಿದ್ದಾರೆ, ಗುರುತು ಮಾತ್ರ ಉಳಿದಿದೆ. ನಾನು ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸಿದೆ. ನಮ್ಮ ಮಿಲ್ಲಿನಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರ ಕಿತ್ತು ಬೇರೆ ಕಡೆ ಕೂರಿಸಿದರೆ ಬೋಲ್ಟಿನ ಗುಂಡಿಗಳಿಗೆ ಸಿಮೆಂಟು ತುಂಬುತ್ತಿದ್ದೆವು, ಎಷ್ಟೇ ನುಣ್ಣಗೆ ಸವರಿದರೂ ಆ ಕಲೆ ಹೋಗುತ್ತಿರಲಿಲ್ಲ. ಇಲ್ಲೂ ಹಾಗೇ. “ಅಪ್ಪಾಜಿ, ಮೇಲೆ ಚಿತ್ರಗಳಿದಾವೆ ಬನ್ನಿ” ಅಂತ ಮಗಳು ಕರೆಯುತ್ತಲೇ ಇದ್ದಳು.

ಮೇಲಿನ ಚಿತ್ರಗಳಲ್ಲಿ ಮನಸ್ಸಿಗೆ ನಾಟಿದ್ದು ಅಮೆರಿಕದ ಚಿತ್ರಕಾರ ಮಾರ್ಕ್ ರಾಥ್ಕೊ ಅವರವು. ನ್ಯೂಯಾರ್ಕಿನ ಸೀಗ್ರಾಮ್ ಕಟ್ಟಡದ ರೆಸ್ಟೋರೆಂಟಿಗೆಂದು ಬರೆದು, ಕೊನೆಗೆ ಅಲ್ಲಿಗೆ ಕೊಡಲು ಮನಸ್ಸಾಗದೆ ಉಳಿಸಿಕೊಂಡ ಚಿತ್ರಗಳು. ಮಂದ ಬೆಳಕು, ಕಡುಗೆಂಪು, ಕಪ್ಪು. ಹತ್ತು ನಿಮಿಷ ಸುಮ್ಮನೆ ಕೂತರೆ ಬಣ್ಣದೊಳಗಿಂದ ಬಣ್ಣ ಏಳುತ್ತದೆ. ವಿಡಿಯೊ ಕೋಣೆಗಳು ನನಗೆ ಅಷ್ಟಾಗಿ ಹಿಡಿಸಲಿಲ್ಲ, ಮಗಳಿಗೆ ಅವೇ ಇಷ್ಟ.

ನೆಲದಡಿಯ ದುಂಡನೆಯ ಎಣ್ಣೆ ಟ್ಯಾಂಕುಗಳನ್ನು 2012ರಲ್ಲಿ ಪ್ರದರ್ಶನಕ್ಕೆ ತೆರೆದರು, ಅಲ್ಲಿಗೂ ಇಳಿದು ನೋಡಿ. ನಮ್ಮೂರಲ್ಲಿ ದೃಶ್ಯಕಲಾ ಕಾಲೇಜಿದೆ, ಹಳೆಯ ಮಿಲ್ಲುಗಳ ನೆನಪಿದೆ. ಒಂದೇ ಒಂದು ಶೆಡ್ಡನ್ನು ಆ ಮಕ್ಕಳ ಕೈಗೆ ಕೊಟ್ಟರೂ ಸಾಕು, ನಾನು ದಿನಾ ಹೋಗಿ ನೋಡುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ಸೇಂಟ್ ಪಾಲ್ಸ್ ಚರ್ಚಿನ ಕಡೆಯಿಂದ ಮಿಲೆನಿಯಂ ಸೇತುವೆ ಮೇಲೆ ನಡೆದು ಹೋಗಿ, ಚಿಮಣಿ ಎದುರಿಗೇ ಕಾಣುತ್ತದೆ. ಒಳಗೆ ನಡೆಯುವುದು ಬಹಳ, ಮೆತ್ತನೆಯ ಬೂಟು ಹಾಕಿಕೊಳ್ಳಿ.