ಐಎಲ್‌ಡಿ: ಸ್ಪೈರೋಮೆಟ್ರಿಯೋ, ಆರು ನಿಮಿಷದ ನಡಿಗೆಯೋ?

ಶ್ವಾಸಕೋಶ ನಾರುಗಟ್ಟುವ ಕಾಯಿಲೆ (ಐಎಲ್‌ಡಿ) ಮುಂದೆ ಹೇಗೆ ಸಾಗೀತು ಎಂದು ತಿಳಿಯಲು ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಶಿವಮೊಗ್ಗಕ್ಕೆ ಬರುವವರು ಮೊದಲ ಸಲ ಸ್ಪೈರೋಮೆಟ್ರಿ (ಕೊಳವೆಗೆ ಜೋರಾಗಿ ಊದಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ), ಆರು ನಿಮಿಷದ ನಡಿಗೆ ಎರಡನ್ನೂ ಮಾಡಿಸಿಕೊಳ್ಳಲೇಬೇಕು. ಆಯ್ಕೆಯ ಪ್ರಶ್ನೆ ಆಮೇಲಿನದು.

ಸ್ಪೈರೋಮೆಟ್ರಿಯ ಬಲ ಹಳೆಯ ಅಂಕಿಯೊಂದಿಗಿನ ಹೋಲಿಕೆ: ಎಫ್‌ವಿಸಿ (ಪೂರ್ತಿ ಉಸಿರೆಳೆದು ಜೋರಾಗಿ ಹೊರಬಿಡುವ ಒಟ್ಟು ಗಾಳಿ) ವರ್ಷದೊಳಗೆ ನಿರೀಕ್ಷಿತ ಪ್ರಮಾಣದ ಶೇ 80ರಿಂದ 70ಕ್ಕೆ ಇಳಿದರೆ ಅಪಾಯ ಹೆಚ್ಚು. ತುಟಿಯಂಚಿನಲ್ಲಿ ಗಾಳಿ ಸೋರಿದರೆ ಅಂಕಿ ಕೆಡುತ್ತದೆ. ಬೀಡಿಯಿಂದ ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ಕೂಡ ಇದ್ದರೆ ಎಫ್‌ವಿಸಿ ಚೆನ್ನಾಗಿಯೇ ಕಾಣುತ್ತದೆ. ಆಗ ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ಸಾಗುತ್ತದೆಂದು ಅಳೆಯುವ ಪರೀಕ್ಷೆ) ಬೇಕೇ ಬೇಕು.

ನಡಿಗೆಗೆ 30 ಮೀಟರ್ ಸಮತಟ್ಟು ಕಾರಿಡಾರ್ ಸಾಕು. ಕೂತಾಗ ಶೇ 96 ಇದ್ದ ರಕ್ತದ ಆಮ್ಲಜನಕ ನಡೆಯುವಾಗ 88ಕ್ಕಿಳಿದರೆ ಕೆಟ್ಟ ಸೂಚನೆ. ಮಳೆಗಾಲದ ಥಂಡಿಯಲ್ಲಿ ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಕೈ ಉಜ್ಜಿ ಬೆಚ್ಚಗಾದ ಮೇಲೆಯೇ ಹಾಕಿ. ಮಂಡಿನೋವಿದ್ದವರಲ್ಲಿ ದೂರಕ್ಕಿಂತ ಆಮ್ಲಜನಕದ ಅಂಕಿಯೇ ಮುಖ್ಯ.

ಫಾಲೋಅಪ್‌ಗೆ ಸ್ಪೈರೋಮೆಟ್ರಿಯೇ ಸರಿ, ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ. ಎಫ್‌ವಿಸಿ ಬದಲಾಗದೆ ತೋಟದ ಏರಿನಲ್ಲಿ ಏದುಸಿರು ಹೆಚ್ಚಿದ್ದರೆ ನಡಿಗೆ ಪರೀಕ್ಷೆ ಕೇಳಿ ಮಾಡಿಸಿ.